ಎರಡರಿಂದ ನಾಲ್ಕರ ಸರದಿ

ಡಬಲಕ್ಕನಿಗೆ ಆ ಹೆಸರು ಬಂದದ್ದು ಅವಳ ಹೊಲಿಗೆಯಿಂದ. ಅವಳದು ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ. ಇದ್ದ ಬಟ್ಟೆಯನ್ನೇ ಬಿಗಿ ಮಾಡುವ, ಸಡಿಲ ಮಾಡುವ, ಉದ್ದವಿದ್ದದ್ದನ್ನು ಗಿಡ್ಡ ಮಾಡುವ ಅಂಗಡಿ. ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಅಲ್ಲಿ ಒಂದು ಮೆಷೀನು, ಒಂದು ಇಸ್ತ್ರಿ ಮೇಜು, ಬಟ್ಟೆ ಬದಲಾಯಿಸುವುದಕ್ಕೆ ಪರದೆ ಕಟ್ಟಿದ ಮೂಲೆ, ಗಿರಾಕಿ ಕೂರಲು ಒಂದು ಸ್ಟೂಲು. ಇನ್ನೊಬ್ಬ ಗಿರಾಕಿ ಬಂದರೆ ಮೊದಲನೆಯವರು ಎದ್ದು ಹೊರಗೆ ನಿಲ್ಲಬೇಕು. ಬೇರೆ ಟೈಲರುಗಳು ಒಂದು ಸಲ ಹೊಡೆದು ಕೈಬಿಡುವ ಹೊಲಿಗೆಯನ್ನು ಅವಳು ಎರಡು ಸಲ ಹೊಡೆಯುತ್ತಿದ್ದಳು. ಎಲ್ಲಿ ಬಿಚ್ಚಿಕೊಂಡುಬಿಡುತ್ತದೋ ಎನ್ನುವ ಭಯ. ಅವಳು ಹಚ್ಚಿದ ಗುಂಡಿ ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದ ಮೇಲೂ ಅಲ್ಲಾಡುತ್ತಿರಲಿಲ್ಲ.

ಭಯ ಹೊಲಿಗೆಗಷ್ಟೇ ನಿಂತಿದ್ದರೆ ಈ ಕಥೆ ಹೇಳುವ ಕಷ್ಟ ನನಗಿರುತ್ತಿರಲಿಲ್ಲ. ಮನೆ ಬಾಗಿಲಿಗೆ ಎರಡು ಚಿಲಕ. ಗ್ಯಾಸ್ ಆರಿಸಿ ಬೀದಿಯ ತಿರುವಿನ ತನಕ ಬಂದವಳು ವಾಪಸು ಹೋಗಿ ಇನ್ನೊಮ್ಮೆ ನೋಡುವಳು. ಅವಳ ಗಂಡ ನೀರು ಸರಬರಾಜಿನಲ್ಲಿ ವಾಲ್ವ್‌ಮ್ಯಾನ್. ಭುಜದ ಮೇಲೆ ಉದ್ದನೆಯ ಕಬ್ಬಿಣದ ಕೀಲಿ ಹೊತ್ತು ಬೀದಿ ಬೀದಿಗೆ ನೀರು ಬಿಡುತ್ತ ತಿರುಗುವವನು, ನೀರಿನ ಜೊತೆ ಮಾತನ್ನೂ ಧಾರಾಳವಾಗಿ ಬಿಡುವವನು. "ನಮ್ಮನೆಯವಳು ಪ್ರಾರ್ಥನೇನೂ ಎರಡೆರಡು ಸಲ ಮಾಡ್ತಾಳೆ ಕಣ್ರೀ, ಮೊದಲನೇದು ದೇವರಿಗೆ ಕೇಳಿಸಿರುತ್ತೋ ಇಲ್ವೋ ಅಂತ" ಎಂದು ಸಿಕ್ಕಸಿಕ್ಕವರ ಮುಂದೆ ನಗುತ್ತಿದ್ದ. ಅವಳೂ ನಗುತ್ತಿದ್ದಳು. ನಗುವಷ್ಟು ಹಗುರವಾಗಿತ್ತು ಆಗ ಭಯ.

ಆಮೇಲೆ ಜ್ವರ ಬಂತು. ಒಬ್ಬರಿಗಲ್ಲ, ಊರಿಗೇ. ಅಂಗಡಿಗಳು ದಿನ ಬಿಟ್ಟು ದಿನ ತೆರೆದವು, ಶಾಲೆಗಳು ಮುಚ್ಚಿದವು, ನಾಳೆ ಏನು ಎಂದು ಯಾರನ್ನು ಕೇಳಿದರೂ ಭುಜ ಕುಣಿಸುವವರೇ. ಡಬಲಕ್ಕನಿಗೆ ಮಾತ್ರ ಕೈತುಂಬ ಕೆಲಸ. ಬದುಕಿ ಎದ್ದವರೆಲ್ಲ ಅರ್ಧಕ್ಕರ್ಧ ಇಳಿದುಹೋಗಿದ್ದರು. ಪ್ಯಾಂಟುಗಳು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಎರಡು ಇಂಚು ಹಿಡಿ, ಮೂರು ಇಂಚು ಹಿಡಿ ಎಂದು ತಂದು ಕೊಡುವರು. ಅವಳು ಆ ಬಟ್ಟೆಗಳನ್ನು ಕೋಲಿನ ತುದಿಯಿಂದ ಎತ್ತಿ ಮೂರು ದಿನ ಬಿಸಿಲಿಗೆ ಹಾಕಿ, ಕಾದ ಇಸ್ತ್ರಿ ಆಡಿಸಿ, ಆಮೇಲೆ ಮುಟ್ಟುತ್ತಿದ್ದಳು. ಮುಟ್ಟಿದ ಕೈಯನ್ನು ಮೊಣಕೈ ತನಕ ತೊಳೆಯುತ್ತಿದ್ದಳು. ಇದರಲ್ಲಿ ತಪ್ಪೇನಿಲ್ಲ. ಹೆದರುವುದು ಪಾಪ ಎಂದು ನಾನು ಎಲ್ಲೂ ಹೇಳುವುದಿಲ್ಲ. ಅವಳ ಪಾಪ ಬೇರೆ ಇದೆ, ಅದಕ್ಕೇ ಬರುತ್ತಿದ್ದೇನೆ.

ಅವಳು ಹೋಗುತ್ತಿದ್ದ ಚರ್ಚಿನ ಸಭೆಯಲ್ಲಿ ಹಿಂದಿನಿಂದ ನಡೆದುಬಂದ ಒಂದು ಪದ್ಧತಿಯಿತ್ತು. ತಮ್ಮವರು ಯಾರೇ ಆಸ್ಪತ್ರೆ ಸೇರಲಿ, ಒಂಟಿಯಾಗಿ ಮಲಗಬಾರದು. ಎರಡೆರಡು ಗಂಟೆಯ ಸರದಿ ಹಾಕಿಕೊಂಡು ಒಬ್ಬರಾದ ಮೇಲೊಬ್ಬರು ಪಕ್ಕದಲ್ಲಿ ಕೂರಬೇಕು. ಮಾಡುವುದೇನೂ ಇಲ್ಲ, ಕೂರಬೇಕು, ಕೈ ಹಿಡಿಯಬೇಕು, ಅಷ್ಟೆ. ಜ್ವರದ ಕಾಲದಲ್ಲಿ ಆಸ್ಪತ್ರೆಯವರು ಮೊದಲು ಆಗುವುದಿಲ್ಲ ಎಂದರು. ನರ್ಸುಗಳೇ ಸಾಲದೆ ಬಂದಾಗ, ಆಗಲಿ, ಆದರೆ ಒಂದು ರೂಮಿಗೆ ಒಂದು ಹೊತ್ತಿಗೆ ಒಬ್ಬರೇ, ಮೈಮುಚ್ಚುವ ಗೌನು, ಮುಖಗವಸು ಹಾಕಿಕೊಂಡೇ, ಬಾಗಿಲ ಪಕ್ಕ ತೂಗುಹಾಕಿದ ಪುಸ್ತಕದಲ್ಲಿ ಹೆಸರು, ಹೊತ್ತು ಬರೆದು ಸಹಿ ಮಾಡಿಯೇ ಎಂದರು.

ಆಗ ಜ್ವರ ಹಿಡಿದು ಮಲಗಿದ್ದು ದೊಡ್ಡ ಟೀಚರ್. ಭಾನುವಾರದ ಶಾಲೆಯಲ್ಲಿ ಮೂರು ತಲೆಮಾರಿನ ಮಕ್ಕಳ ಕಿವಿ ಹಿಂಡಿದವರು. ಡಬಲಕ್ಕ ಎಂಟು ವರ್ಷದವಳಿದ್ದಾಗ ತಾಯಿ ತೀರಿಕೊಂಡಳು. ಆವತ್ತಿನಿಂದ ಅವಳ ಜಡೆ ಹೆಣೆದು, ಕೈಗೆ ಸೂಜಿ ಕೊಟ್ಟು, ಮೊದಲ ಹೊಲಿಗೆ ಹಾಕಿಸಿದ್ದು ಇದೇ ಟೀಚರ್. ಅವರ ಸರದಿ ಪಟ್ಟಿ ಬರೆಯುವಾಗ ಮಧ್ಯಾಹ್ನ ಎರಡರಿಂದ ನಾಲ್ಕಕ್ಕೆ ಡಬಲಕ್ಕನ ಹೆಸರನ್ನು ಯಾರೂ ಕೇಳದೆಯೇ ಹಾಕಿದರು. ತಾಯಿಗೆ ಮಗಳು ಬರುವುದಿಲ್ಲವೆಂದು ಯಾರು ತಾನೆ ಅಂದುಕೊಳ್ಳುತ್ತಾರೆ?

ಮೊದಲನೆಯ ದಿನ ಅವಳು ಒಳಗೆ ಹೋಗಲೆಂದೇ ಬಂದಳು. ಇದು ನಿಜ. ಪುಸ್ತಕದಲ್ಲಿ ಸಹಿ ಮಾಡಿದಳು, ಗೌನು ತೊಟ್ಟಳು. ತೊಡುವಾಗ ಕಂಕುಳ ಹತ್ತಿರ ಕಣ್ಣು ಹೋಯಿತು. ಒಂದೇ ಹೊಲಿಗೆ. ಅದೂ ಅರ್ಧ ಬೆರಳಿನಷ್ಟು ಬಿಚ್ಚಿಕೊಂಡಿತ್ತು. ಈ ಹೊಲಿಗೆ ನಂಬಿಕೊಂಡು ಒಳಗೆ ಹೋಗುವುದೆ? ಬಾಗಿಲಿಗೆ ಅಂಗೈಯಗಲದ ಗಾಜಿತ್ತು. ಅದರಲ್ಲಿ ಇಣುಕಿದಳು. ಟೀಚರ ಮೂಗಿಗೆ ಕೊಳವೆ, ಕಣ್ಣು ಮುಚ್ಚಿತ್ತು, ಒಂದು ಕೈ ಮಂಚದ ಕಂಬಿಯಿಂದಾಚೆ ಬಂದು ಏನನ್ನೋ ಹುಡುಕುತ್ತಿತ್ತು. ಡಬಲಕ್ಕನ ಕಾಲು ಮುಂದಕ್ಕೆ ಬರಲಿಲ್ಲ. ಸ್ವಲ್ಪ ಸುಧಾರಿಸಿಕೊಂಡು ಹೋಗೋಣ ಎಂದು ಮೆಟ್ಟಿಲ ತಿರುವಿಗೆ ಬಂದು ಕೂತಳು. ಆ ಸುಧಾರಣೆ ನಾಲ್ಕು ಗಂಟೆಯಾದರೂ ಮುಗಿಯಲಿಲ್ಲ.

ಎರಡೂವರೆಯ ಹೊತ್ತಿಗೆ ನೆಲ ಒರೆಸುವ ಆಯಾ ಬಕೆಟ್ಟು ಹಿಡಿದು ಮೇಲೆ ಬಂದಳು. ಮೂವತ್ತೈದರ ಆಸುಪಾಸಿನ ಸಣಕಲು ಹೆಂಗಸು. ಮೆಟ್ಟಿಲ ಮೇಲೆ ಕೂತವಳನ್ನು ನೋಡಿದಳು, ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಹೊರಗೆ ಬರಲಿಲ್ಲ. ಡಬಲಕ್ಕ ಎದ್ದು ಹೋಗಿ ಗಾಜಿನಲ್ಲಿ ನೋಡಿದರೆ, ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಕೈ ತೊಳೆದುಕೊಂಡು, ಸ್ಟೂಲಿನ ಮೇಲೆ ಕೂತು ಆಯಾ ಟೀಚರ ಕೈ ಹಿಡಿದುಕೊಂಡಿದ್ದಾಳೆ. ಹುಡುಕುತ್ತಿದ್ದ ಕೈ ಸುಮ್ಮನಾಗಿತ್ತು.

ಎರಡನೆಯ ದಿನವೂ ಹಾಗೇ. ಮೂರನೆಯ ದಿನವೂ ಹಾಗೇ. ಮೊದಲನೆಯ ದಿನದ ಸಹಿಯನ್ನು ಬೇಕಾದರೆ ಆತುರದ ಸಹಿ ಎನ್ನಬಹುದು. ಉಳಿದೆರಡು ದಿನ ಅವಳು ಒಳಗೆ ಹೋಗುವುದಿಲ್ಲ ಎಂದು ಗೊತ್ತಿದ್ದೇ ಹೆಸರು ಬರೆದಳು, ಹೊತ್ತು ಬರೆದಳು, ಸಹಿ ಮಾಡಿದಳು. ಸುಳ್ಳಿನ ಹೊಲಿಗೆಯನ್ನೂ ಎರಡು ಸಲ ಹಾಕಿದಳು ಅನ್ನಿ.

ನಾಲ್ಕನೆಯ ದಿನ ಜ್ವರ ಇಳಿಯಿತು. ಟೀಚರ್ ಬದುಕಿದರು. ತಿಂಗಳಾದ ಮೇಲೆ ಒಂದು ಭಾನುವಾರ, ಕೋಲೂರಿಕೊಂಡು ಆರಾಧನೆಗೆ ಬಂದು, ದೇವರು ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಸಾಕ್ಷಿ ಹೇಳುವ ಹೊತ್ತಿಗೆ ಎದ್ದು ನಿಂತರು.

"ನನಗೆ ಆ ಮೂರು ದಿನ ಏನೂ ಸರಿಯಾಗಿ ಕಾಣಿಸ್ತಿರ್ಲಿಲ್ಲ. ಮುಳುಗ್ತಾ ಇದೀನಿ ಅನ್ನಿಸ್ತಿತ್ತು. ಎರಡು ಗಂಟೆಗೆ ನನ್ನ ಹುಡುಗಿ ಬರ್ತಾಳೆ ಅಂತ ನರ್ಸ್ ಹೇಳಿದ್ರು. ಬಂದ್ಯೇನೇ ಅಂತ ಕೇಳ್ದೆ. ಬಂದಿದೀನಿ ಟೀಚರ್ ಅಂತ ಕೈ ಹಿಡ್ಕೊಂಡ್ಲು. ನಾಲ್ಕರ ತನಕ ಬಿಡ್ಲಿಲ್ಲ. ಗುಬ್ಬಿ ಸದ್ದಿಗೆ ಬೆಚ್ಚಿಬೀಳೋ ಹುಡುಗಿ ಅದು! ಕರ್ತನು ಅವಳಿಗೆ ಎಂಥಾ ಧೈರ್ಯ ಕೊಟ್ಟ ನೋಡಿ." ಆಮೇಲೆ ಸ್ವಲ್ಪ ನಕ್ಕು ಸೇರಿಸಿದರು: "ಆ ಆಯಾ ಒಬ್ಬಳು ಇದ್ಲು. ಬಕೆಟ್ಟು ನನ್ನ ರೂಮಲ್ಲಿಟ್ಟು ಎಲ್ಲಿ ಮಾಯವಾಗ್ತಿದ್ಲೋ, ನೆಲ ಒರೆಸಿದ್ದು ನಾ ಕಾಣೆ."

ಡಬಲಕ್ಕನಿಗೆ ನೆಲ ಬಾಯಿ ಬಿಡಬಾರದೆ ಅನ್ನಿಸಿತು. ಎಲ್ಲರೂ ತಿರುಗಿ ನೋಡುತ್ತಿದ್ದರು. ಎದ್ದು ನಿಂತಳು. ನಿಜ ಹೇಳಿಬಿಡಬೇಕೆಂದೇ ನಿಂತಳು.

"ನಾನೇನೂ ಮಾಡಿಲ್ಲ" ಎಂದಳು.

"ದೇವರಿಗೆ ಸ್ತೋತ್ರ!" ಎಂದರು ಹಿಂದಿನ ಸಾಲಿನವರು.

"ಇಲ್ಲ, ನಿಜವಾಗ್ಲೂ ನಾನೇನೂ ಮಾಡಿಲ್ಲ."

"ಸ್ತೋತ್ರ, ಸ್ತೋತ್ರ!" ಎಂದಿತು ಇಡೀ ಸಭೆ. ಸಭಾಪಾಲಕರಾದ ಅಯ್ಯನವರು ಕಣ್ಣೊರೆಸಿಕೊಂಡು, ದೀನತೆ ಎಂದರೆ ಇದು, ಎಲ್ಲರೂ ನೋಡಿ ಕಲಿಯಬೇಕು ಎಂದರು. ಬೇರೆ ಯಾವ ಜಾಗದಲ್ಲಾದರೂ ಅವಳ ಮಾತಿಗೆ ಇದ್ದಷ್ಟೇ ಅರ್ಥ ಇರುತ್ತಿತ್ತು. ಅಲ್ಲಿ ಮಾತ್ರ ಅದಕ್ಕೆ ರೆಕ್ಕೆ ಹುಟ್ಟಿ ಮೇಲೆ ಹಾರಿತು. ಮೂರನೆಯ ಸಲ ಹೇಳುವ ಶಕ್ತಿ ಅವಳಿಗೆ ಇರಲಿಲ್ಲ, ಕೂತುಬಿಟ್ಟಳು. ಕೂತಾಗ ಮನಸ್ಸಿನ ಒಂದು ಮೂಲೆಯಲ್ಲಿ ಹಾಯೆನಿಸಿತಲ್ಲ, ಅದನ್ನು ನೆನೆದು ಮುಂದೆ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಹೇಳಿದೆ, ಅವರೇ ನಂಬಲಿಲ್ಲ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದಳು.

ಹೊಗಳಿ ಅಟ್ಟಕ್ಕೇರಿಸಿದವರು ಅಲ್ಲಿಗೇ ಬಿಡುತ್ತಾರೆಯೆ? ಸರದಿ ಪಟ್ಟಿ ನೋಡಿಕೊಳ್ಳುವ ಕೆಲಸವನ್ನೇ ಅವಳಿಗೆ ಒಪ್ಪಿಸಿದರು. ಯಾರು ಯಾವಾಗ ಎಲ್ಲಿ ಕೂರಬೇಕೆಂದು ಅವಳೇ ಬರೆಯಬೇಕು. ಅವಳು ಎಲ್ಲರ ಹೆಸರನ್ನೂ ಬರೆದಳು, ತನ್ನದೊಂದನ್ನು ಬಿಟ್ಟು. ಮೇಲ್ವಿಚಾರಣೆಯೇ ಇಷ್ಟಿರುವಾಗ ಪಾಪ ಅವಳಿಗೆಲ್ಲಿ ಬಿಡುವು ಎಂದು ಜನರೇ ಅವಳ ಪರವಾಗಿ ಮಾತಾಡಿದರು. ವಾಲ್ವ್‌ಮ್ಯಾನ್ ಗಂಡನಂತೂ ನೀರು ಬಿಡಲು ಹೋದ ಕಡೆಯಲ್ಲೆಲ್ಲ ಹೆಂಡತಿಯ ಧೈರ್ಯದ ಕಥೆ ಬಿಟ್ಟು ಬಂದ.

ಡಬಲಕ್ಕ ಪ್ರಾಯಶ್ಚಿತ್ತವೆಂದು ಆಸ್ಪತ್ರೆಯ ಗೌನುಗಳನ್ನೆಲ್ಲ ತರಿಸಿ ಎರಡನೆಯ ಹೊಲಿಗೆ ಹಾಕಿಕೊಟ್ಟಳು. ನಲವತ್ತು ಗೌನು. ಒಂದೊಂದು ಹೊಲಿಗೆಗೂ ಕ್ಷಮಿಸು ಕರ್ತನೇ ಎನ್ನುತ್ತಿದ್ದಳು. ಆದರೆ ಕ್ಷಮೆ ಕೇಳಬೇಕಾದ ಕಡೆ ಕೇಳದೆ ಬಟ್ಟೆಯ ಹತ್ತಿರ ಕೇಳಿದರೆ ಬಟ್ಟೆ ಏನು ಮಾಡುತ್ತದೆ?

ಆ ಗೌನುಗಳನ್ನು ಕೊಡಲು ಹೋದ ದಿನವೇ ಅದು ನಡೆದದ್ದು. ನರ್ಸುಗಳ ಮೇಲ್ವಿಚಾರಕಿ ಮೇಟ್ರನ್ ಮೇಜಿನ ಮುಂದೆ ಆ ಆಯಾ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಮೇಟ್ರನ್ ಕೈಯಲ್ಲಿ ಬಾಗಿಲ ಪಕ್ಕದ ಆ ಪುಸ್ತಕ.

"ಒಳ್ಳೇ ಹೊತ್ತಿಗೆ ಬಂದ್ರಿ" ಎಂದರು ಮೇಟ್ರನ್. "ಟೀಚರ್ ಇದ್ದಾಗ ಮೂರು ದಿನ ಎರಡರಿಂದ ನಾಲ್ಕು ಈ ಕಾರಿಡಾರ್ ಒರೆಸಿಲ್ಲ ಅಂತ ದೂರು ಬಂದಿದೆ. ಕೇಳಿದ್ರೆ ಟೀಚರ್ ರೂಮಲ್ಲಿ ಕೂತಿದ್ದೆ ಅಂತಾಳೆ. ಪುಸ್ತಕದಲ್ಲಿ ನೋಡಿದ್ರೆ ನಿಮ್ಮ ಸಹಿ. ಒಳಗೆ ಒಬ್ಬರಿಗಿಂತ ಹೆಚ್ಚು ಬಿಡಲ್ಲ ನಾವು. ನೀವೇ ಹೇಳಿ, ನೀವಿದ್ದಾಗ ಇವಳು ಒಳಗೆ ಬಂದಿದ್ಲಾ?"

ಹೌದು ಎಂದರೆ ನೀವೇಕೆ ಬಿಟ್ಟಿರಿ ಎನ್ನುತ್ತಾರೆ. ನಾನೇ ಒಳಗಿರಲಿಲ್ಲ ಎಂದರೆ ಊರಿಗೇ ಗೊತ್ತಾಗುತ್ತದೆ. ಟೀಚರಿಗೆ ಗೊತ್ತಾಗುತ್ತದೆ.

"ನಾನು... ಗಮನಿಸಲಿಲ್ಲ ಮೇಡಂ" ಎಂದಳು.

ಆಯಾ ತಲೆಯೆತ್ತಿ ಅವಳನ್ನು ಒಂದು ಸಲ ನೋಡಿದಳು. 'ಇವರು ಒಳಗೇ ಬರಲಿಲ್ಲ, ಮೆಟ್ಟಿಲ ಮೇಲೆ ಕೂತಿದ್ದರು' ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ತಲೆ ತಗ್ಗಿಸಿದಳು. ಅದೇ ವಾರ ಅವಳನ್ನು ಕೊನೆಯ ವಾರ್ಡಿಗೆ ಹಾಕಿದರು. ಜ್ವರ ವಿಪರೀತವಾದವರನ್ನು ಮಲಗಿಸುವ ವಾರ್ಡು ಅದು; ಅಲ್ಲಿನ ಕೆಲಸಕ್ಕೆ ಯಾರೂ ಒಪ್ಪುತ್ತಿರಲಿಲ್ಲ.

ಅಲ್ಲಿಂದ ಮುಂದೆ ಡಬಲಕ್ಕನಿಗೆ ಪ್ರಾರ್ಥನೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಆ ಒಂದು ನೋಟ. ಅನ್ನಕ್ಕೆ ಕೈ ಹಾಕಿದರೆ ಆ ನೋಟ. ಟೇಪು ಹಿಡಿದು ಅಳತೆ ತೆಗೆಯುವಾಗ ಎಣಿಕೆ ತಪ್ಪುತ್ತಿತ್ತು. "ಏನೇ ಇದು, ಒಂದು ಕಾಲು ಉದ್ದ ಒಂದು ಕಾಲು ಗಿಡ್ಡ ಮಾಡಿದೀಯ ಅಂತ ಗಿರಾಕಿ ನನ್ನ ಹಿಡ್ಕೊಂಡು ಜಗಳಕ್ಕೆ ಬಂದಿದ್ದ" ಎಂದು ಗಂಡ ಹೇಳಿದರೆ ನಗು ಬರಲಿಲ್ಲ. ಅವನಿಗೂ ಹೇಳಿರಲಿಲ್ಲ. ಅವನು ಅಷ್ಟೊಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ ಕಥೆಯನ್ನು ಅವನ ಬಾಯಿಂದ ಕಿತ್ತುಕೊಳ್ಳುವುದು ಹೇಗೆ?

ಮಳೆ ಕಳೆದು ಚಳಿ ಹುಟ್ಟುವ ಹೊತ್ತಿಗೆ ಜ್ವರ ಎರಡನೆಯ ಸುತ್ತು ಬಂತು. ಒಂದು ಶುಕ್ರವಾರ ಟೀಚರ್ ತಮ್ಮ ಭಾನುವಾರದ ಗೌನನ್ನು ಬಿಗಿ ಮಾಡಿಸಲು ಅಂಗಡಿಗೆ ಬಂದರು. ಡಬಲಕ್ಕ ಮಂಡಿಯೂರಿ ಅಂಚಿಗೆ ಪಿನ್ನು ಚುಚ್ಚುತ್ತಿದ್ದಳು.

"ಕೊನೇ ವಾರ್ಡಿನ ಆಯಾಗೆ ಜ್ವರ ಅಂತೆ ಕಣೇ" ಎಂದರು ಟೀಚರ್. "ಅವಳೇ, ನನ್ನ ರೂಮಲ್ಲಿ ಬಕೆಟ್ಟು ಇಟ್ಟು ಮಾಯ ಆಗ್ತಿದ್ಲಲ್ಲ. ಹಿಂದಿಲ್ಲ ಮುಂದಿಲ್ಲ, ಯಾರೂ ಇಲ್ಲವಂತೆ ಪಾಪ. ನಮ್ಮ ಸಭೆಯವಳಲ್ಲ ನಿಜ, ಆದ್ರೂ ಪಟ್ಟಿಗೆ ಹಾಕು. ನೀನು ನನ್ನ ಜೊತೆ ಕೂತ ಹಾಗೆ ಅವಳ ಜೊತೇನೂ ಯಾರಾದ್ರೂ ಕೂರ್ಲಿ."

ಪಿನ್ನು ಡಬಲಕ್ಕನ ಹೆಬ್ಬೆರಳಿಗೇ ಇಳಿಯಿತು. ತಾನು ಗಮನಿಸಲಿಲ್ಲ ಎಂದ ಎರಡು ಪದಕ್ಕೆ ಆ ಹೆಂಗಸು ಆ ವಾರ್ಡಿಗೆ ಹೋದಳು, ಆ ವಾರ್ಡಿನಿಂದ ಈ ಮಂಚಕ್ಕೆ ಹೋದಳು. ಲೆಕ್ಕ ಹಾಕಲು ಹೆಚ್ಚು ಬುದ್ಧಿ ಬೇಕಿರಲಿಲ್ಲ.

ಸಂಜೆಯೊಳಗೆ ಹದಿನಾಲ್ಕು ಜನಕ್ಕೆ ಫೋನು ಮಾಡಿದಳು. ಒಬ್ಬರಿಗೆ ಮನೆಯಲ್ಲಿ ಹಸುಗೂಸು. ಒಬ್ಬರಿಗೆ ಸೊಂಟ ಹಿಡಿದಿತ್ತು. ಉಳಿದವರು ನೇರವಾಗಿ, "ನಮ್ಮ ಸಭೆಯವಳೇ ಅಲ್ವಲ್ಲ ಅಕ್ಕ" ಎಂದರು. ಪಟ್ಟಿ ಖಾಲಿಯಾಗಿಯೇ ಉಳಿಯಿತು. ಅವರನ್ನು ಬೈಯಲು ಅವಳಿಗೆ ಬಾಯಿ ಎಲ್ಲಿತ್ತು?

ಶನಿವಾರ ಮಧ್ಯಾಹ್ನ ಚರ್ಚಿಗೆ ಹೋದಳು. ಅಯ್ಯನವರು ಒಬ್ಬರೇ ಮೈಕಿನ ವೈರು ಸುತ್ತುತ್ತಿದ್ದರು.

"ಅಯ್ಯನವರೇ, ಭಯ ಇರೋರ ಹೆಸರು ಪಟ್ಟಿಗೆ ಹಾಕಬಹುದಾ?"

"ಭಯ ಇಲ್ಲದವರು ಯಾರಾದ್ರೂ ಸಿಕ್ಕಿದ್ರಾ ನಿಮಗೆ?" ಅಯ್ಯನವರು ನಕ್ಕರು. "ನಾನು ಆಸ್ಪತ್ರೆಗೆ ಹೊರಡೋ ಮುಂಚೆ ಮೂರು ಸಲ ಬಾತ್‌ರೂಮಿಗೆ ಹೋಗ್ತೀನಮ್ಮ. ನಮ್ಮನೆಯವಳನ್ನ ಕೇಳಿ ಬೇಕಾದ್ರೆ."

"ಮತ್ತೆ ಹೆದರಬೇಡಿ ಅಂತ ವಾರ ವಾರ ಹೇಳ್ತೀರಲ್ಲ?"

"ಅದು ನನಗೇ ಹೇಳ್ಕೊಳ್ಳೋದು. ನಿಮಗೂ ಕೇಳಿಸುತ್ತೆ, ಅಷ್ಟೆ." ವೈರು ಕೆಳಗಿಟ್ಟರು. ಅವಳು ಬೇರೆ ಯಾರದೋ ಪರವಾಗಿ ಕೇಳುತ್ತಿದ್ದಾಳೆಂದೇ ಅವರ ಎಣಿಕೆ. "ಸ್ವಾಮಿಯನ್ನ ಶಿಲುಬೆಗೆ ಹಿಡ್ಕೊಂಡು ಹೋದಾಗ ಬಿಟ್ಟು ಓಡಿಹೋದ ಶಿಷ್ಯರು ಹೆದರಿ ಬಾಗಿಲು ಹಾಕ್ಕೊಂಡು ಕೂತಿದ್ರಲ್ಲ, ಆಗ ಸ್ವಾಮಿ ಏನ್ ಮಾಡಿದ್ರು? ಯಾಕ್ರೋ ಓಡಿದ್ರಿ ಅಂತ ಕೇಳಿದ್ರಾ? ಇಲ್ಲ. ಧೈರ್ಯ ಬಂದ ಮೇಲೆ ಬಾಗಿಲು ತೆಗೀರಿ ಅಂತ ಹೊರಗೆ ಕಾದ್ರಾ? ಅದೂ ಇಲ್ಲ. ಆ ಭಯದ ಮಧ್ಯಕ್ಕೇ ಬಂದು ನಿಂತ್ರು. ಧೈರ್ಯ ಮೊದಲು ಬರುತ್ತೆ, ಆಮೇಲೆ ಹೋಗೋಣ ಅಂತ ಕಾಯೋರಿಗೆ ಹೇಳಿ, ಅದು ಹಾಗೆ ಬರಲ್ಲ. ಹೆದರ್ಕೊಂಡೇ ಹೋಗ್ಬೇಕು. ಸ್ವಾಮಿ ಜೊತೆಗೆ ಬರ್ತಾರೆ."

ಅವರು ವೈರು ಎತ್ತಿಕೊಂಡು ಒಳಗೆ ಹೋದ ಮೇಲೆ ಡಬಲಕ್ಕ ಖಾಲಿ ಬೆಂಚಿನ ಮೇಲೆ ಕೂತಳು. ಹಾಗಾದರೆ ಆ ಮೆಟ್ಟಿಲ ಮೇಲೂ ಸ್ವಾಮಿ ಬಂದಿರಬೇಕಲ್ಲ. ಮೂರೂ ದಿನ ಪಕ್ಕದಲ್ಲೇ ಕೂತು, ಏಳು, ಒಟ್ಟಿಗೆ ಹೋಗೋಣ ಎಂದಿರಬೇಕು. ತನ್ನ ಎದೆಯ ಸದ್ದಿನಲ್ಲಿ ತನಗೇ ಕೇಳಿಸಲಿಲ್ಲ. ಅಳು ಬಂತು. ಎಷ್ಟೋ ತಿಂಗಳ ಮೇಲೆ ಪ್ರಾರ್ಥನೆಯೂ ಬಂತು, ಒಂದೇ ಸಲ: "ಕರ್ತನೇ, ನಾನು ಸುಳ್ಳಿ. ಒಬ್ಬಳ ಒಳ್ಳೇತನ ಕದ್ದೆ, ಅವಳನ್ನ ಸಾಯೋ ಜಾಗಕ್ಕೆ ನೂಕಿದೆ. ನನಗೆ ಜ್ವರದ ಭಯ, ಅದಕ್ಕಿಂತ ಜನರ ಬಾಯಿ ಭಯ. ಎರಡೂ ಇಟ್ಕೊಂಡೇ ಹೊರಡ್ತೀನಿ. ಕೈ ಬಿಡಬೇಡ."

ಮನೆಗೆ ಹೋಗಿ ಪಟ್ಟಿಯಲ್ಲಿ ಆಯಾಳ ಹೆಸರಿನ ಮುಂದೆ, ಎರಡರಿಂದ ನಾಲ್ಕು ಎಂಬ ಕಡೆ, ತನ್ನ ಹೆಸರು ಬರೆದಳು.

ಭಾನುವಾರ ಸಾಕ್ಷಿಯ ಹೊತ್ತಿಗೆ ಅವಳು ಎದ್ದಾಗ ಎಲ್ಲರ ಮುಖ ಅರಳಿತು.

"ಟೀಚರ್ ಜೊತೆ ಕೂತವಳು ನಾನಲ್ಲ" ಎಂದಳು.

"ಸ್ತೋತ್ರ!" ಎಂದರು ಹಿಂದಿನ ಸಾಲಿನವರು, ರೂಢಿಯಂತೆ.

"ಸ್ತೋತ್ರ ಅನ್ಬೇಡಿ!" ಡಬಲಕ್ಕನ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ದಮ್ಮಯ್ಯ, ಪೂರ್ತಿ ಕೇಳಿ. ನಾನು ಒಳಗೆ ಹೋಗ್ಲೇ ಇಲ್ಲ. ಮೂರು ದಿನವೂ ಮೆಟ್ಟಿಲ ಮೇಲೆ ಕೂತಿದ್ದೆ, ಹೆದರ್ಕೊಂಡು. ಒಳಗೆ ಕೂತಿದ್ದಂತೆ ಸಹಿ ಮಾಡಿದೆ. ಟೀಚರ್ ಕೈ ಹಿಡಿದವಳು ನೆಲ ಒರೆಸೋ ಆಯಾ. ನಾನು ಗಾಜಲ್ಲಿ ನೋಡಿದೀನಿ. ಮೇಟ್ರನ್ ಕೇಳಿದಾಗ ಗಮನಿಸಲಿಲ್ಲ ಅಂದೆ. ನನ್ನ ಆ ಮಾತಿಂದ ಅವಳನ್ನ ಕೊನೇ ವಾರ್ಡಿಗೆ ಹಾಕಿದ್ರು. ಈಗ ಅವಳೇ ಅಲ್ಲಿ ಮಲಗಿದಾಳೆ. ಕೂರೋಕೆ ಒಬ್ಬರೂ ಇಲ್ಲ."

ಗಂಡ ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಟೀಚರ್ ಮೊದಲ ಸಾಲಿನಿಂದ ಎದ್ದರು. ಅವಳ ಕಡೆಗೆ ಬರುತ್ತಾರೆಂದು ಕೆಲವರು ದಾರಿ ಬಿಟ್ಟರು. ಅವರು ಅವಳ ಪಕ್ಕದಲ್ಲೇ ಹಾದು, ಮುಖ ನೋಡದೆ, ಕೋಲೂರುತ್ತ ಹೊರಗೆ ಹೋದರು. ಜನರ ಬಾಯಿಗೆ ಇಷ್ಟು ದಿನ ಹೆದರಿದ್ದಳಲ್ಲ, ಬಾಯಿ ತೆರೆಯದೆ ಹೋದ ಒಬ್ಬರ ಬೆನ್ನು ಅದಕ್ಕಿಂತ ನೋಯಿಸಿತು.

ಗೇಟಿನ ಹತ್ತಿರ ಗಂಡ ಕಾದಿದ್ದ. ಇಬ್ಬರೂ ಬೀದಿ ಮುಗಿಯುವ ತನಕ ನಡೆದರು.

"ರೀ, ಏನಾದ್ರೂ ಬೈದುಬಿಡಿ" ಎಂದಳು.

"ಏನಂತ ಬೈಲಿ? ಅರ್ಧ ಊರಿಗೆ ಹೇಳ್ಕೊಂಡು ಬಂದಿದೀನಿ. ನಾಳೆಯಿಂದ ಬೀದಿ ಬೀದಿಗೆ ನಿಂತು ಆ ಮಾತು ವಾಪಸ್ ತಗೋಬೇಕು." ಸ್ವಲ್ಪ ದೂರ ಹೋದ ಮೇಲೆ ಕೇಳಿದ: "ಎರಡು ಗಂಟೆಗೆ ಹೋಗ್ತೀಯಾ?"

"ಹೋಗ್ತೀನಿ."

"ಮೆಟ್ಟಿಲ ತನಕ ನಾನೂ ಬರ್ತೀನಿ. ಅದರಿಂದಾಚೆ ನೀನೇ. ನಿಜ ಹೇಳ್ತೀನಿ, ನನಗೂ ಭಯ ಕಣೇ."

ಮೇಟ್ರನ್ ಅವಳು ಹೇಳಿದ್ದನ್ನೆಲ್ಲ ಕೇಳಿ ಪೆನ್ನು ಮುಚ್ಚಿದರು. "ಇದನ್ನ ಅವತ್ತೇ ಹೇಳಿದ್ರೆ ಅವಳು ಆ ವಾರ್ಡಿಗೆ ಹೋಗ್ತಿರ್ಲಿಲ್ಲ" ಎಂದರು. ಗೌನು ಕೊಟ್ಟರು. ಅದಕ್ಕೆ ತಾನೇ ಎರಡು ಹೊಲಿಗೆ ಹಾಕಿದ್ದಳು. ಆದರೂ ಕೊನೆಯ ವಾರ್ಡಿನ ಆ ರೂಮಿನ ಬಾಗಿಲ ಮುಂದೆ ಕಾಲುಗಳು ಹಳೇ ಬುದ್ಧಿ ತೋರಿಸಿದವು. ಬಾ ಸ್ವಾಮಿ, ಎಂದುಕೊಂಡು ಬಾಗಿಲು ತಳ್ಳಿದಳು. ಭಯ ಹೊರಗೆ ನಿಲ್ಲಲಿಲ್ಲ, ಅವಳ ಜೊತೆಯೇ ಒಳಗೆ ಬಂತು. ಆದರೆ ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು, ಅವಳು ಒಳಗಿದ್ದಳು.

ಆಯಾ ಅರ್ಧ ಆಗಿಹೋಗಿದ್ದಳು. ಕಣ್ಣು ಬಿಟ್ಟು ನೋಡಿದಳು. ಡಬಲಕ್ಕ ಸ್ಟೂಲಿನ ಮೇಲೆ ಕೂತು ಅವಳ ಕೈ ಹಿಡಿದಳು. ಕಾದ ಕಲ್ಲಿನ ಹಾಗೆ ಸುಡುತ್ತಿತ್ತು.

"ಮೆಟ್ಟಿಲಕ್ಕ" ಎಂದಳು ಆಯಾ.

"ಹೂಂ, ನಾನೇ. ಎಲ್ಲಾ ಹೇಳಿಬಿಟ್ಟೆ ಕಣಮ್ಮ ಇವತ್ತು. ಚರ್ಚಲ್ಲಿ ಹೇಳಿದೆ, ಮೇಟ್ರನ್‌ಗೂ ಹೇಳಿದೆ. ನನ್ನಿಂದ ನಿನಗೆ ಹೀಗಾಯ್ತು. ನನ್ನ ಕ್ಷಮಿಸು ಅಂತ ಕೇಳೋಕೂ ಮುಖ ಇಲ್ಲ."

ಆಯಾ ಬೇಸರದಿಂದ ತಲೆಯಾಡಿಸಿದಳು. "ಯಾಕೆ ಹೇಳಕ್ಕೋದ್ರಿ? ಆ ಟೀಚರಮ್ಮ ನಿಮ್ಮನ್ನೇ ಕೇಳ್ತಾ ಇದ್ರು, ಬಂದ್ಯಾ ಬಂದ್ಯಾ ಅಂತ. ಜೀವ ಹಿಡ್ಕೊಂಡು ಕೇಳ್ತಿದ್ರು. ಇಲ್ಲ ಅಂತ ಹೆಂಗೆ ಹೇಳಲಿ? ಬಂದಿದೀನಿ ಅಂದೆ. ನಿಮ್ಮ ಹೆಸರಲ್ಲಿ ನಾನೇ ಸುಳ್ಳು ಹೇಳಿದ್ದು. ಅದನ್ನ ಮುರಿಯೋಕೆ ನನಗೆ ಮನಸ್ಸಾಗ್ಲಿಲ್ಲ."

ಆಯಾ ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು.

"ನನಗೂ ಭಯಾನೇ ಇತ್ತಕ್ಕ. ಅದಕ್ಕೆ ಮುಂಚೆ ಅಂಥ ರೂಮಲ್ಲಿ ಒಂದು ನಿಮಿಷ ನಿಂತವಳಲ್ಲ. ಆಮೇಲೆ ಗಾಜಲ್ಲಿ ನಿಮ್ಮ ಮುಖ ಕಾಣಿಸ್ತು. ಹೊರಗೆ ಒಬ್ಬರಿದಾರೆ, ನನಗೇನಾದ್ರೂ ಆದ್ರೆ ಒಳಗೆ ಬರ್ತಾರೆ ಅಂತ ಧೈರ್ಯ ಮಾಡ್ಕೊಂಡು ಕೂತೆ."

"ಬರ್ತಿರ್ಲಿಲ್ಲ" ಎಂದಳು ಡಬಲಕ್ಕ. ಕಣ್ಣೀರು ಮುಖಗವಸಿನೊಳಗೆ ಇಳಿಯುತ್ತಿತ್ತು. "ನೀನು ಕೂಗಿದ್ರೆ ನಾನು ಕಾಲಿಗೆ ಬುದ್ಧಿ ಹೇಳ್ತಿದ್ದೆ. ಕೆಳಗಿನ ರಸ್ತೆ ತನಕ ಓಡಿರ್ತಿದ್ದೆ."

ಆಯಾ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಹೇಳಿದಳು: "ಅದು ನನಗೆ ಗೊತ್ತಿರ್ಲಿಲ್ವಲ್ಲ ಅಕ್ಕ."

ಆಮೇಲೆ ಅವಳಿಗೆ ಜೋಂಪು ಹತ್ತಿತು. ಡಬಲಕ್ಕ ಕೈ ಬಿಡಲಿಲ್ಲ. ಮೂರು ಗಂಟೆಗೆ ನರ್ಸ್ ಬಂದು ಜ್ವರ ನೋಡಿ, ಹೆಚ್ಚಿಲ್ಲ ಕಡಿಮೆಯೂ ಇಲ್ಲ ಎಂದು ಹೋದಳು. ನಾಲ್ಕಕ್ಕೆ ಮುಂದಿನ ಸರದಿಗೆ ಯಾರೂ ಇರಲಿಲ್ಲವಾದ್ದರಿಂದ ಡಬಲಕ್ಕ ಏಳುವ ಯೋಚನೆಯನ್ನೇ ಮಾಡಿರಲಿಲ್ಲ. ಅಷ್ಟರಲ್ಲಿ ಬಾಗಿಲ ಗಾಜಿಗೆ ಯಾರೋ ಬೆರಳಿನಿಂದ ಬಡಿದರು.

ಗೌನು ತೊಟ್ಟು, ಕೋಲು ಹಿಡಿದು ಟೀಚರ್ ನಿಂತಿದ್ದರು. ಒಂದು ಸಲ ಈ ಜ್ವರ ಉಂಡು ಎದ್ದ, ಎಪ್ಪತ್ತು ದಾಟಿದ ಜೀವ. ಡಬಲಕ್ಕ ಗಾಬರಿಯಿಂದ ಬಾಗಿಲಿಗೆ ಬಂದಳು.

"ಟೀಚರ್, ನೀವು ಬರಬಾರದು. ನಿಮಗೆ..."

"ಒಳಗೆ ಒಬ್ಬರೇ ಇರಬೇಕಂತೆ. ನೀನು ಹೊರಗೆ ಬಾ" ಎಂದರು ಟೀಚರ್.

ಅವಳು ಹೊರಗೆ ಬಂದಳು. ಟೀಚರ್ ಅವಳ ಮುಖ ನೋಡಲಿಲ್ಲ. ಗಾಜಿನಾಚೆ ಮಲಗಿದ್ದವಳನ್ನು ನೋಡುತ್ತಿದ್ದರು.

"ಬೀದೀಲಿ ಎದುರು ಸಿಕ್ಕಾಗ ಒಂದು ಮಾತು ಆಡಿಸಿಲ್ಲ ನಾನು ಅವಳನ್ನ" ಎಂದರು. "ಸಭೆಯಲ್ಲಿ ಅವಳ ವಿಷಯ ಹೇಳಿ ನಗ್ತಿದ್ದೆ. ನೀನು ಅಲ್ಲೇ ಕೂತು ನನ್ನ ನಗೋಕೆ ಬಿಟ್ಟೆ."

"ಹೌದು ಟೀಚರ್."

"ಇವತ್ತು ನಿನ್ನ ಜೊತೆ ಮಾತಾಡೋಕೆ ನನ್ನಿಂದಾಗಲ್ಲ." ಅವರು ಬಾಗಿಲು ತಳ್ಳಿ, ಒಂದು ಕಾಲು ಒಳಗಿಟ್ಟು, ತಿರುಗದೆಯೇ ಹೇಳಿದರು: "ನಾಳೆ ಎರಡು ಗಂಟೆಗೆ ಸರಿಯಾಗಿ ಬಾ."